ಬೆಂಗಳೂರಲ್ಲಿ ಒಳ್ಳೆ ಬಿಯರ್ ಎಲ್ಲಿದೆ ಅಂತ ವೇಸ್ಟ್ ತರೋ ಟೆಂಪೋ ಹುಡುಗನ್ನ ಕೇಳಿ



ರಾಗಿ ಒಕ್ಕಣೆ ಮುಗೀತು, ಹುಲ್ಲು ಬಣವೆ ಒಟ್ಟಿದ್ದೂ ಆಯ್ತು. ಖರೀದಿ ಕೇಂದ್ರದಲ್ಲಿ ಹೆಸರು ಬರೆಸಿ ಬಂದಿದ್ದೀನಿ, ಸರದಿ ಬರೋವರೆಗೆ ಕೈಗೆ ಸ್ವಲ್ಪ ಬಿಡುವು. ಹೋದ ಸಲ ಅವರೆಗೆ ಬಿದ್ದ ಕಾಯಿಕೊರಕದ ಬಗ್ಗೆ ಬರೆದಿದ್ದೆ, ಅದಕ್ಕೂ ಹಿಂದೆ ಬೋರ್ ಮೋಟ್ರು ಸುಟ್ಟಿದ್ದರ ಬಗ್ಗೆ. ಈ ಸಲದ ವಿಷ್ಯ ನೋಡಿ ಕೆಲವರು ಮುಖ ಸಿಂಡರಿಸ್ತೀರ ಅಂತ ಗೊತ್ತು. ಬೆಂಗಳೂರಿಗೆ ಹೋದಾಗ ಒಳ್ಳೆ ಬಿಯರ್ ಮಾಡೋ ಜಾಗ ಹೆಂಗೆ ಹುಡುಕೋದು ಅನ್ನೋದೇ ವಿಷ್ಯ. ನಗಬೇಡಿ. ಇದಕ್ಕೂ ನಮ್ಮ ಕೊಟ್ಟಿಗೆಗೂ, ನಮ್ಮ ರಾಗಿಗೂ ನೇರ ಸಂಬಂಧ ಇದೆ. ಅಲ್ಲಿಗೆ ಬರ್ತೀನಿ.

ಮೊದಲೇ ಒಂದು ಮಾತು. ಕುಡಿಯದೆ ಇರೋರು ಇದನ್ನ ಓದಿ ಶುರು ಮಾಡಬೇಡಿ. ನಮ್ಮ ಅಣ್ಣನ್ನ ಸಾರಾಯಿ ಪ್ಯಾಕೆಟ್ ತಿಂದುಹಾಕ್ತು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸ್ತು, ಅವನು ಅದಕ್ಕೆ ಎರಡು ವರ್ಷ ಮುಂಚೆನೇ ಹೋಗಿಬಿಟ್ಟಿದ್ದ. ಕೆರೆ ಕೆಳಗಿನ ಅರ್ಧ ಎಕರೆ ಅವನ ಸಾಲಕ್ಕೆ ಹೋಯ್ತು. ಇವತ್ತಿಗೂ ಅತ್ತಿಗೆ ಆ ಹೊಲದ ಬದು ಮೇಲೆ ನಡೆಯಲ್ಲ, ಸುತ್ತು ಹಾಕ್ಕೊಂಡು ಬರ್ತಾರೆ. ಅದಕ್ಕೇ ನಮ್ಮನೇಲಿ ಬಾಟ್ಲಿ ಇಲ್ಲ. ಊರಿನ ವೈನ್ ಶಾಪ್ ಕಡೆ ನಾನು ತಲೆ ಹಾಕಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಬೆಂಗಳೂರಿಗೆ ಹೋದಾಗ ಒಂದು ಗ್ಲಾಸ್, ಜಾಸ್ತಿ ಅಂದ್ರೆ ಎರಡು. ಮನೆಯವಳಿಗೆ ಹೇಳೇ ಹೋಗ್ತೀನಿ. ಅವಳು ಹೂಂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ. ವಾಪಸ್ ಬಂದಾಗ ಎಷ್ಟು ಖರ್ಚಾಯ್ತು ಅಂತ ಮಾತ್ರ ಕೇಳ್ತಾಳೆ.

ಇದೆಲ್ಲ ಶುರು ಆಗಿದ್ದು ಹಸುವಿನಿಂದ. ಎರಡು ವರ್ಷದ ಹಿಂದೆ ಹಿಂಡಿ, ಬೂಸಾ ರೇಟು ಏರಿ ಹಾಲಿನ ದುಡ್ಡೆಲ್ಲ ಮೇವಿಗೇ ಹೋಗ್ತಿತ್ತು. ಪಕ್ಕದ ಊರಲ್ಲಿ ಒಬ್ರು ಬೆಂಗಳೂರಿಂದ ಟೆಂಪೋದಲ್ಲಿ ಬಿಯರ್ ವೇಸ್ಟ್ ತರಿಸ್ತಾ ಇದ್ರು. ನಾನೂ ಎರಡು ಡ್ರಮ್ ಹಾಕಿಸ್ಕೊಂಡೆ. ಮುಚ್ಚಳ ತೆಗೆದ್ರೆ ಬೇಯಿಸಿದ ಜವೆಗೋಧಿ ಘಮ. ಗೌರಿ, ತುಂಗೆ ಎರಡೂ ಮುಸುರೆಗೆ ಬಾಯಿ ಹಾಕಿದ ಹಾಗೆ ತಿಂದವು. ಪಕ್ಕದ ಮನೆ ಅಜ್ಜಿ ಬಂದು, ದನಕ್ಕೆ ಹೆಂಡ ಕುಡಿಸ್ತೀಯಾ, ಹಾಲಿಗೆ ವಾಸ್ನೆ ಬರಲ್ವಾ ಅಂತ ಬೈದ್ರು. ನನಗೂ ಅನುಮಾನ ಇತ್ತು. ಆಮೇಲೆ ಗೊತ್ತಾಯ್ತು, ಈ ಚರಟದಲ್ಲಿ ಮದ್ಯದ ಅಂಶನೇ ಇರಲ್ಲ. ಬಾರ್ಲಿನ ಬಿಸಿನೀರಲ್ಲಿ ನೆನೆಸಿ ಸಿಹಿನೀರು ಸೋಸ್ಕೊಂಡ ಮೇಲೆ ಉಳಿಯೋ ಹೊಟ್ಟು ಇದು. ಯೀಸ್ಟ್ ಹಾಕೋದು ಆಮೇಲೆ, ಅದೂ ಆ ನೀರಿಗೆ ಮಾತ್ರ. ಹುಳಿ ಬರೋಕೆ ಮುಂಚೆನೇ ಚರಟ ಡ್ರಮ್ಮಿಗೆ ಬಿದ್ದಿರುತ್ತೆ.

ಬಳಸೋರಿಗೆ ಇಲ್ಲೇ ಹೇಳಿಬಿಡ್ತೀನಿ. ಇದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ, ಆದ್ರೆ ಒಣಗಿಸಿ ಲೆಕ್ಕ ಹಾಕಿದ್ರೆ ಪ್ರೋಟೀನ್ ನೂರಕ್ಕೆ ಇಪ್ಪತ್ತರ ಮೇಲಿರುತ್ತೆ. ಬೇಸಿಗೇಲಿ ಎರಡು ಮೂರು ದಿನಕ್ಕೆ ಕೆಡುತ್ತೆ. ಬೂಸು ಬಂದಿದ್ರೆ ಮೇಲಿಂದ ಕೆರೆದು ಹಾಕೋ ಉಳಿತಾಯ ಮಾಡಬೇಡಿ, ಪೂರ್ತಿ ಗುಂಡಿಗೆ ಹಾಕಿ. ನಾನು ಹಸುವಿಗೆ ದಿನಕ್ಕೆ ಐದು ಕೆಜಿ, ರಾಗಿಹುಲ್ಲಿನ ಜತೆ ಕಲಸಿ, ಲವಣ ಮಿಶ್ರಣ ಸೇರಿಸಿ ಕೊಡ್ತೀನಿ. ಅಗ್ಗ ಅಂತ ಇದನ್ನೇ ಹೊಟ್ಟೆ ತುಂಬಾ ಹಾಕಿದ್ರೆ ಹೊಟ್ಟೆ ಕೆಡುತ್ತೆ.

ಸರಿ, ಇಷ್ಟು ಘಮ ಇರೋ ಚರಟ ಬಿಟ್ಟು ಇಳಿದ ರಸ ಹೆಂಗಿರಬಹುದು ಅನ್ನೋ ಆಸೆ ಹುಟ್ಟಿತು. ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನಿಗೆ ಹೇಳಿದೆ. "ಬಾ ಮಾವ, ಭಾರಿ ಜಾಗಕ್ಕೆ ಕರ್ಕೊಂಡು ಹೋಗ್ತೀನಿ" ಅಂದ. ಶನಿವಾರ ರಾತ್ರಿ ಕರ್ಕೊಂಡು ಹೋದ. ಬಾಗಿಲಲ್ಲಿ ನಿಂತಿದ್ದವನು ನನ್ನ ಮುಖ ನೋಡಲಿಲ್ಲ, ಚಪ್ಪಲಿ ನೋಡಿದ. ಅಳಿಯ ಏನೋ ಇಂಗ್ಲಿಷಲ್ಲಿ ಮಾತಾಡಿದ ಮೇಲೆ ಬಿಟ್ಟ. ಒಳಗೆ ಬಣ್ಣದ ಲೈಟು, ಎದೆ ಗುದ್ದೋ ಸೌಂಡು. ಮೆನು ಕಾರ್ಡ್ ಇಲ್ಲ, ಮೊಬೈಲಲ್ಲಿ ನೋಡ್ಕೋಬೇಕಂತೆ. ಇಲ್ಲಿ ಬಿಯರ್ ಎಲ್ಲಿ ಮಾಡ್ತೀರಪ್ಪ ಅಂತ ಕೇಳಿದ್ರೆ ತಂದುಕೊಡೋ ಹುಡುಗ ನಗ್ತಾನೆ. ಮಾಡೋದಿಲ್ಲ, ಬೇರೆ ಕಡೆಯಿಂದ ಕ್ಯಾನಲ್ಲಿ ಬರುತ್ತೆ, ಇಲ್ಲಿ ನಲ್ಲಿಗೆ ಜೋಡಿಸ್ತಾರೆ ಅಷ್ಟೆ. ಹೊರಗಡೆ ಬೋರ್ಡಲ್ಲಿ ಮಾತ್ರ ಕ್ರಾಫ್ಟ್ ಅಂತ ಇಷ್ಟು ದೊಡ್ಡ ಅಕ್ಷರ. ಇಬ್ಬರಿಗೆ ಬಂದ ಬಿಲ್ಲಲ್ಲಿ ಅರ್ಧ ಚೀಲ ಹಿಂಡಿ ಬರ್ತಿತ್ತು. ಬಿಯರ್ ರುಚಿ ಏನಿತ್ತು ಅಂತ ನೆನಪೇ ಇಲ್ಲ. ಚಪ್ಪಲಿ ನೋಡಿದ್ದು ಮಾತ್ರ ನೆನಪಿದೆ.

ಮುಂದಿನ ವಾರ ಟೆಂಪೋ ಬಂದಾಗ ಆ ಹುಡುಗನ ಹತ್ರ ಇದನ್ನ ಹೇಳ್ಕೊಂಡೆ. ಅವನು ಡ್ರಮ್ ಇಳಿಸ್ತಾ, "ಅಣ್ಣ, ನನ್ನ ಕೇಳಬಾರದಾಗಿತ್ತಾ? ನಾನು ಏಳೆಂಟು ಕಡೆ ಎತ್ತೀನಿ. ಯಾವ ಕಡೆ ವಾರಕ್ಕೆ ಮೂರು ಸಲ ಫೋನ್ ಬರುತ್ತೋ ಅಲ್ಲಿ ಹೊಸದಾಗಿ ಮಾಡ್ತಾ ಇದ್ದಾರೆ ಅಂತ ಲೆಕ್ಕ. ಯಾವ ಕಡೆ ಹದಿನೈದು ದಿನಕ್ಕೊಂದು ಸಲ ಕರೀತಾರೋ ಅಲ್ಲಿ ಬಿಯರ್ ಟ್ಯಾಂಕಲ್ಲೇ ಕೂತಿದೆ ಅಂತ ಲೆಕ್ಕ" ಅಂದ. ನನಗೆ ಕೆನ್ನೆಗೆ ಹೊಡೆದ ಹಾಗಾಯ್ತು. ಎಷ್ಟು ಸರಿಯಾದ ಮಾತು ನೋಡಿ. ಗಾಣದವನ ಎಣ್ಣೆ ಹೆಂಗಿದೆ ಅಂತ ಹಿಂಡಿ ಕೊಳ್ಳೋನಿಗೆ ಗೊತ್ತಿರುತ್ತೆ. ಮೊಬೈಲಲ್ಲಿ ನಾಲ್ಕೂವರೆ ಸ್ಟಾರ್ ಕೊಟ್ಟಿರೋನು ಫೋಟೋ ತೆಗೆಯೋಕೆ ಹೋಗಿದ್ದವನು. ಚರಟ ಎತ್ತೋನು ಹಿಂಬಾಗಿಲಿಂದ ಹೋಗ್ತಾನೆ. ಅಲ್ಲಿ ನೆಲ ತೊಳೆದಿದ್ದಾರಾ, ಪೈಪು ತೊಳೀತಾರಾ, ಚರಟ ಎರಡು ದಿನ ಅಲ್ಲೇ ಕೊಳೆಯುತ್ತಾ, ಎಲ್ಲ ಅವನ ಕಣ್ಣಿಗೆ ಬೀಳುತ್ತೆ. ಬಿಯರ್ ಮಾಡೋದರಲ್ಲಿ ಮುಕ್ಕಾಲು ಕೆಲಸ ತೊಳೆಯೋದೇ ಅಂತ ಆಮೇಲೆ ನನಗೆ ತಿಳೀತು. ಹಾಲು ಕರೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅವನು ಹೇಳಿದ ಒಂದು ಜಾಗಕ್ಕೆ ಮಂಗಳವಾರ ಮಧ್ಯಾಹ್ನ ಹೋದೆ, ಒಬ್ಬನೇ. ಹೆಸರು ಬರೆಯಲ್ಲ, ಈ ಪೇಜಲ್ಲಿ ಗೊಬ್ಬರದ ಅಂಗಡಿ ಜಾಹೀರಾತೇ ಬೇಡ ಅಂದವನು ಬಿಯರ್ ಅಂಗಡಿದು ಯಾಕೆ ಹಾಕಲಿ. ವಾರದ ದಿನ ಮಧ್ಯಾಹ್ನ ಹೋಗೋದರಲ್ಲಿ ಲಾಭ ಇದೆ. ಗಲಾಟೆ ಇರಲ್ಲ, ಚಪ್ಪಲಿ ನೋಡೋನು ಇನ್ನೂ ಡ್ಯೂಟಿಗೆ ಬಂದಿರಲ್ಲ, ಬಿಯರ್ ಮಾಡೋರು ಒಳಗೆ ಇರ್ತಾರೆ. ಗಾಜಿನ ಗೋಡೆ ಹಿಂದೆ ಸ್ಟೀಲ್ ಟ್ಯಾಂಕ್‌ಗಳು, ಡೇರಿಯ ಬಲ್ಕ್ ಕೂಲರ್ ಎತ್ತಿ ನಿಲ್ಲಿಸಿದ ಹಾಗೆ. ನಾನು ನಿಂತು ನೋಡ್ತಾ ಇದ್ದೆ. ಗಂಬೂಟ್ ಹಾಕ್ಕೊಂಡ ಒಬ್ಬ ಹೆಣ್ಮಗಳು ಹೊರಗೆ ಬಂದು "ಏನು ಸರ್, ಏನಾದ್ರೂ ಬೇಕಿತ್ತಾ?" ಅಂದ್ರು. ನಿಮ್ಮ ಚರಟ ನಮ್ಮ ಹಸು ತಿಂತಾವಮ್ಮ ಅಂದೆ. ಆಯಮ್ಮ ಅಷ್ಟು ಜೋರಾಗಿ ನಕ್ಕಿದ್ದು ನೋಡಿ ಅಡುಗೆಯೋರೆಲ್ಲ ಇಣುಕಿದ್ರು. ಹಾಸನದ ಕಡೆಯೋರು, ಅಪ್ಪಂದು ಆಲೂಗಡ್ಡೆ ಬೇಸಾಯ. ಒಳಗೆ ಕರ್ಕೊಂಡು ಹೋಗಿ ಎಲ್ಲ ತೋರಿಸಿದ್ರು.

ಬಾರ್ಲಿನ ನೆನೆಸಿ ಮೊಳಕೆ ಬರಿಸಿ ಒಣಗಿಸಿದ್ರೆ ಅದು ಮಾಲ್ಟ್. ಮಗೂಗೆ ಸರಿ ಮಾಡೋಕೆ ನಮ್ಮವ್ವ ರಾಗಿನ ಬಟ್ಟೇಲಿ ಕಟ್ಟಿ ಮೊಳಕೆ ಬರಿಸ್ತಿದ್ದ ಹಾಗೇನೇ. ಅದನ್ನ ಒಡೆದು, ಸುಮಾರು 65 ಡಿಗ್ರಿ ಬಿಸಿನೀರಲ್ಲಿ ಗಂಟೆ ಇಟ್ರೆ ಒಳಗಿನ ಹಿಟ್ಟು ಸಕ್ಕರೆ ಆಗುತ್ತೆ. ಸೋಸಿದ ಸಿಹಿನೀರಿಗೆ ಹಾಪ್ಸ್ ಅನ್ನೋ ಬಳ್ಳಿಯ ಹೂವು ಹಾಕಿ ಗಂಟೆ ಕುದಿಸ್ತಾರೆ, ಕಹಿ ಮತ್ತೆ ಘಮ ಅದರದ್ದು. ತಣ್ಣಗೆ ಮಾಡಿ ಯೀಸ್ಟ್ ಹಾಕ್ತಾರೆ. ಏಲ್ ಅನ್ನೋ ಜಾತಿ ಒಂದೆರಡು ವಾರಕ್ಕೆ ಕುಡಿಯೋಕೆ ಬರುತ್ತೆ. ಲಾಗರ್ ಜಾತಿ ತಣ್ಣಗಿನ ಜಾಗದಲ್ಲಿ ಇನ್ನೂ ಎಷ್ಟೋ ವಾರ ಕೂತಿರಬೇಕು. ಜರ್ಮನಿಯ ಬವೇರಿಯಾದಲ್ಲಿ 1516ರಲ್ಲೇ ನೀರು, ಬಾರ್ಲಿ, ಹಾಪ್ಸ್ ಬಿಟ್ಟು ಬಿಯರಿಗೆ ಬೇರೇನೂ ಹಾಕಬಾರದು ಅಂತ ಕಾನೂನು ಮಾಡಿದ್ರಂತೆ. ನಮ್ಮಲ್ಲಿ ಹಾಲಿಗೆ ನೀರು ಹಾಕಬಾರದು ಅನ್ನೋ ಕಾನೂನೇ ಇನ್ನೂ ಸರಿಯಾಗಿ ನಡೀತಿಲ್ಲ.

ಈಗ ಹುಡುಕೋ ಕ್ರಮಕ್ಕೆ ಬರ್ತೀನಿ. ನಮ್ಮ ಜನ ಬೆಂಗಳೂರಿಗೆ ಹೋದಾಗ ಎರಡು ತಪ್ಪು ಮಾಡ್ತಾರೆ. ಒಂದು, ಮೆಜೆಸ್ಟಿಕ್ ಪಕ್ಕ ಯಾವುದೋ ಕತ್ತಲೆ ಬಾರಿಗೆ ನುಗ್ಗಿ ಊರಲ್ಲಿ ಸಿಗೋ ಸ್ಟ್ರಾಂಗ್ ಬಾಟ್ಲಿನೇ ಕುಡಿದು ಬರೋದು. ಇನ್ನೊಂದು, ಮಕ್ಕಳೋ ಅಳಿಯಂದಿರೋ ಹೇಳಿದ ಲೈಟಿನ ಜಾಗಕ್ಕೆ ಹೋಗಿ ಕೈಕಟ್ಟಿ ಕೂತು ಬರೋದು. ಎರಡರಲ್ಲೂ ದುಡ್ಡು ಹೋಗುತ್ತೆ, ರುಚಿ ಸಿಗಲ್ಲ.

ಜಾಗದೊಳಗೆ ಕಾಲಿಟ್ಟ ತಕ್ಷಣ ಟ್ಯಾಂಕ್ ಇದೆಯಾ ನೋಡಿ. ಇಲ್ಲ ಅಂದ್ರೆ ಅದು ಮಾರೋ ಜಾಗ, ಮಾಡೋ ಜಾಗ ಅಲ್ಲ. ಮಾರೋ ಜಾಗದಲ್ಲೂ ಒಳ್ಳೇದು ಸಿಗಬಹುದು, ಆದ್ರೆ ಎಲ್ಲಿಂದ ಬಂತು, ಯಾವತ್ತು ಬಂತು ಅಂತ ಕೇಳಿದ್ರೆ ಹೇಳಬೇಕು. ಮಾಡೋ ಜಾಗ ಆದ್ರೆ ಇದು ಟ್ಯಾಂಕಿಗೆ ಬಿದ್ದು ಎಷ್ಟು ದಿನ ಆಯ್ತು ಅಂತ ಕೇಳಿ. ಉತ್ತರ ಬರಲಿಲ್ಲ ಅಂದ್ರೆ ಬಿಯರ್ ಮಾಡೋರನ್ನೇ ಕರೀರಿ ಅನ್ನಿ. ಒಳ್ಳೆ ಜಾಗದಲ್ಲಿ ಅವರು ಖುಷಿಯಾಗಿ ಬರ್ತಾರೆ, ಯಾರೂ ಕೇಳದ ಕೆಲಸ ಮಾಡೋರಿಗೆ ಕೇಳೋನು ಸಿಕ್ರೆ ಸಾಕು. ನಮ್ಮನ್ನ ಯಾರಾದ್ರೂ ನಿಮ್ಮ ರಾಗಿ ಯಾವ ತಳಿ ಅಂತ ಕೇಳಿದ್ರೆ ನಾವು ಅರ್ಧ ಗಂಟೆ ಬಿಡ್ತೀವಾ?

ಇಪ್ಪತ್ತು ತರ ಬಿಯರ್ ಪಟ್ಟಿ ಇದ್ರೆ ನನಗೆ ಅನುಮಾನ. ಐದಾರು ಇದ್ರೆ ಸಾಕು. ಎಲ್ಲಕ್ಕಿಂತ ಮೊದಲು ಸಾದಾ ಗೋಧಿ ಬಿಯರ್ ಕೇಳಿ. ಹೆಫೆವೈಜನ್ ಅಂತಾರೆ, ಹೇಳೋಕೆ ಬರದಿದ್ರೆ ವೀಟ್ ಬಿಯರ್ ಅಂದ್ರೆ ಸಾಕು. ಹೋಟೆಲ್ ಒಳ್ಳೇದಾ ಅಂತ ಇಡ್ಲಿ ತಿಂದು ನೋಡ್ತೀವಲ್ಲ, ಹಾಗೆ. ಸರಿಯಾಗಿ ಮಾಡಿದ್ರೆ ಬಾಳೆಹಣ್ಣಿನ ವಾಸ್ನೆ, ಲವಂಗದ ವಾಸ್ನೆ ಬರುತ್ತೆ. ಹಣ್ಣೂ ಹಾಕಿರಲ್ಲ, ಲವಂಗನೂ ಹಾಕಿರಲ್ಲ, ಅದು ಯೀಸ್ಟ್ ಮಾಡೋ ಕೆಲಸ. ನನಗೆ ಮೊದಲ ಸಲ ಮೂಗಿಗೆ ಹಿಡಿದಾಗ ಏಲಕ್ಕಿ ಬಾಳೆ ಗೊನೆ ಹಣ್ಣಾದ ಕೋಣೆ ಜ್ಞಾಪಕಕ್ಕೆ ಬಂತು. ಸಾದಾದ್ದೇ ಸರಿ ಇಲ್ಲ ಅಂದ್ರೆ ಮಾವಿನ ಬಿಯರ್, ಕಾಫಿ ಬಿಯರ್ ಎಲ್ಲ ಹುಳುಕು ಮುಚ್ಚೋ ಬಣ್ಣ.

ಪೂರ್ತಿ ಗ್ಲಾಸ್ ತಗೊಳೋಕೆ ಮುಂಚೆ ರುಚಿಗೆ ಸಣ್ಣ ಲೋಟದಲ್ಲಿ ಕೇಳಿ, ಬಹಳ ಕಡೆ ಕೊಡ್ತಾರೆ. ನಾಚ್ಕೋಬೇಡಿ, ಹಲಸಿನ ತೊಳೆ ರುಚಿ ನೋಡದೆ ಹಣ್ಣು ತಗೊಳಲ್ಲ ನೀವು. ಬೇಡದ ಕಡೆ ಹುಳಿ ಇದ್ರೆ, ಹಳೇ ಬೆಣ್ಣೆ ವಾಸ್ನೆ ಇದ್ರೆ, ಬೇಯಿಸಿದ ಜೋಳದ ತೆನೆ ವಾಸ್ನೆ ಇದ್ರೆ, ನೆಂದ ರಟ್ಟಿನ ಡಬ್ಬದ ವಾಸ್ನೆ ಇದ್ರೆ ಎದ್ದು ಬನ್ನಿ. ಬೆಣ್ಣೆ ವಾಸ್ನೆ ಅಂದ್ರೆ ಸಾಮಾನ್ಯವಾಗಿ ಆತುರ ಮಾಡಿದ್ದಾರೆ ಅಥವಾ ಪೈಪು ತೊಳೆದಿಲ್ಲ ಅಂತ, ರಟ್ಟಿನ ವಾಸ್ನೆ ಅಂದ್ರೆ ಹಳೇದಾಗಿ ಗಾಳಿ ಹೊಕ್ಕಿದೆ ಅಂತ. ಗ್ಲಾಸನ್ನೂ ನೋಡಿ. ಒಳಗೋಡೆಗೆ ಗುಳ್ಳೆ ಅಂಟ್ಕೊಂಡು ನಿಂತಿದ್ರೆ ಗ್ಲಾಸಿಗೆ ಜಿಡ್ಡಿದೆ. ಶುದ್ಧ ಗ್ಲಾಸಲ್ಲಿ ಗುಳ್ಳೆ ಸೀದಾ ಮೇಲಕ್ಕೆ ಹೋಗುತ್ತೆ, ಕುಡಿದಂಗೆ ನೊರೆ ಸುತ್ತಲೂ ಬಲೆ ತರ ಉಳಿಯುತ್ತೆ.

ಊರು ಗೊತ್ತಿಲ್ಲದೋರಿಗೆ ಸ್ವಲ್ಪ ದಾರಿ. ಬೆಂಗಳೂರಿಗೂ ಬಿಯರಿಗೂ ನಂಟು ಹಳೇದು. ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವನು ದಕ್ಷಿಣದ ಬ್ರೂವರಿಗಳನ್ನ ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಈಗ ಯುಬಿ ಸಿಟಿ ಅಂತ ಎತ್ತರದ ಕಟ್ಟಡ ಇದೆಯಲ್ಲ, ಅಲ್ಲಿ ಮೊದಲು ಬಿಯರ್ ಫ್ಯಾಕ್ಟರಿನೇ ಇದ್ದಿದ್ದು. ಸಣ್ಣ ಟ್ಯಾಂಕಿನ ಕಾಲ ಶುರು ಆಗಿದ್ದು ಇತ್ತೀಚೆಗೆ. ಇಂದಿರಾನಗರದ 100 ಅಡಿ ರಸ್ತೆಲಿ ಟಾಯಿಟ್ 2010ರಲ್ಲಿ ಬಂತು, ಮ್ಯಾಗ್ರಾತ್ ರಸ್ತೆಲಿ ಅಮೆರಿಕದ ಮಿಷಿಗನ್‌ನ ಬ್ರೂವರಿ ಹೆಸರಲ್ಲೇ ಆರ್ಬರ್ 2012ರಲ್ಲಿ ಬಂತು. ವೈಟ್‌ಫೀಲ್ಡ್ ಕಡೆ ವಿಂಡ್‌ಮಿಲ್ಸ್ ಅಂತ ಒಂದಿದೆ, ಅಲ್ಲಿ ಗೋಡೆ ತುಂಬಾ ಪುಸ್ತಕ, ಕಚೇರಿ ಮಾಡೋಕೆ ವೇದಿಕೆ. ಈಗ ಊರ ತುಂಬಾ ಹತ್ತಾರು ಆಗಿವೆ, ಎಲ್ಲ ಒಂದೇ ಮಟ್ಟ ಅಲ್ಲ, ಮೇಲೆ ಹೇಳಿದ ಹಾಗೆ ನೋಡ್ಕೋಬೇಕು. ನಮ್ಮ ಮಾಗಡಿ ಕಡೆಯೋರಿಗೆ ಸುಲಭ. ಬಸ್ಸಲ್ಲಿ ಹೋಗಿ ಮಾಗಡಿ ರೋಡ್ ಸ್ಟೇಷನ್ನಲ್ಲೋ ಮೆಜೆಸ್ಟಿಕ್ಕಲ್ಲೋ ನೇರಳೆ ಬಣ್ಣದ ಮೆಟ್ರೋ ಹತ್ತಿದ್ರೆ ಎಂ.ಜಿ. ರೋಡ್, ಇಂದಿರಾನಗರ ಎರಡೂ ಅದೇ ಲೈನಲ್ಲಿ ಬರುತ್ತೆ. ಬೈಕಲ್ಲಿ ಹೋಗಬೇಡಿ. ಇದನ್ನ ಎರಡನೇ ಸಲ ಹೇಳಲ್ಲ. ಅಕ್ಟೋಬರ್ 2ಕ್ಕೆ, ಎಲೆಕ್ಷನ್ ಹೊತ್ತಿಗೆ ಹೋದ್ರೆ ಬಾಗಿಲು ಹಾಕಿರುತ್ತೆ, ಅದನ್ನೂ ನೋಡ್ಕೊಳ್ಳಿ.

ಈಗ ನನಗೆ ನಿಜವಾಗಿ ಹೊಟ್ಟೆ ಉರಿಯೋ ವಿಷ್ಯಕ್ಕೆ ಬರ್ತೀನಿ.

ಆಯಮ್ಮ ತೋರಿಸಿದ ಉಗ್ರಾಣದಲ್ಲಿ 25 ಕೆಜಿ ಚೀಲ ಜೋಡಿಸಿದ್ರು, ಅರ್ಧಕ್ಕರ್ಧ ಜರ್ಮನಿದು. ನಮ್ಮ ದೇಶದಲ್ಲೂ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣದಲ್ಲಿ ಬಾರ್ಲಿ ಬೆಳೀತಾರೆ. ಅದು ಹೆಚ್ಚಾಗಿ ಆರು ಸಾಲಿನ ತೆನೆ, ಕಾಳು ಸಣ್ಣ, ಸಿಪ್ಪೆ ಜಾಸ್ತಿ. ಇವರಿಗೆ ಬೇಕಾಗಿದ್ದು ಎರಡು ಸಾಲಿನ ದಪ್ಪ ಕಾಳು. ಹಾಪ್ಸ್ ಅಂತೂ ಬೇಸಿಗೇಲಿ ಹಗಲು ಬಹಳ ಉದ್ದ ಇರೋ ದೇಶದ ಬಳ್ಳಿ, ನಮ್ಮಲ್ಲಿ ಹಿಮಾಚಲದ ಲಾಹೌಲ್ ಕಣಿವೇಲಿ ಸ್ವಲ್ಪ ಬೆಳೆದಿದ್ದಾರೆ, ಅಷ್ಟೆ. ಅದೆಲ್ಲ ಒಪ್ಪಿದೆ. ಆದ್ರೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ರಾಗಿ ಬಿಯರ್ ಅಂತ ಬರೆದಿತ್ತು. ಯಾರ ಹೊಲದ ರಾಗಿ ಅಂತ ಕೇಳಿದೆ. ಆಯಮ್ಮ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಸರ್, ಪರ್ಚೇಸ್‌ನೋರು ಅಂಗಡಿಯಿಂದ ತರ್ತಾರೆ" ಅಂದ್ರು. ಜರ್ಮನಿ ಚೀಲದ ಮೇಲೆ ಯಾವ ಊರಲ್ಲಿ ಮಾಲ್ಟ್ ಮಾಡಿದ್ದು ಅಂತ ಅಚ್ಚಾಗಿದೆ. ಐವತ್ತು ಕಿಲೋಮೀಟರ್ ದೂರದ ನಮ್ಮ ರಾಗಿಗೆ ಊರೂ ಇಲ್ಲ, ಹೆಸರೂ ಇಲ್ಲ.

ಯಾಕೆ ರಾಗಿ ಇಷ್ಟು ಕಡಿಮೆ ಹಾಕ್ತೀರಿ ಅಂತಾನೂ ಕೇಳಿದೆ. ಕಾರಣ ನ್ಯಾಯವಾಗೇ ಇದೆ. ಬಾರ್ಲಿಗೆ ಹೊಟ್ಟಿದೆ, ಸೋಸುವಾಗ ಆ ಹೊಟ್ಟೇ ಜರಡಿ ಆಗುತ್ತೆ. ರಾಗಿ ಸಣ್ಣ ಕಾಳು, ಹೊಟ್ಟಿಲ್ಲ, ಜಾಸ್ತಿ ಹಾಕಿದ್ರೆ ಗಂಜಿ ಕಟ್ಟಿ ಕೆಳಗಿನ ಜಾಲರಿ ಮುಚ್ಚಿಹೋಗುತ್ತೆ. ಅದರ ಹಿಟ್ಟು ಬೇಯೋಕೆ ಬಾರ್ಲಿಗಿಂತ ಜಾಸ್ತಿ ಬಿಸಿ ಬೇಕು. ಹಾಗಂತ ರಾಗಿಲಿ ಆಗಲ್ಲ ಅಂತಲ್ಲ. ಸಿಕ್ಕಿಂ, ನೇಪಾಳದ ಕಡೆ ತೋಂಗ್ಬಾ ಅಂತ ರಾಗಿನೇ ಹುಳಿ ಬರಿಸಿ, ಬಿಸಿನೀರು ಹಾಕ್ಕೊಂಡು ಕೊಳವೇಲಿ ಹೀರ್ತಾರೆ. ಆಫ್ರಿಕಾದ ಉಗಾಂಡದಲ್ಲೂ ರಾಗಿ ಬಿಯರ್ ಇದೆ, ಮಡಿಕೆ ಸುತ್ತ ಕೂತು ಉದ್ದ ಕೊಳವೇಲಿ ಕುಡೀತಾರೆ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯೋ ರಾಜ್ಯ ನಮ್ಮದು. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿದಾಗ ಎಲ್ಲ ಕಡೆ ರಾಗಿ ಚಿತ್ರ ಹಾಕಿದ್ದೇ ಹಾಕಿದ್ದು. ಟಾಯಿಟ್‌ನೋರು ಬಾಸ್ಮತಿ ಅಕ್ಕಿ ಹಾಕಿ ಬಾಸ್ಮತಿ ಬ್ಲಾಂಡ್ ಅಂತ ಬಿಯರ್ ಮಾಡಿ ಹೆಸರು ಮಾಡಿದ್ರು. ಬಾಸ್ಮತಿ ಎಲ್ಲಿಯದ್ದು ಅಂತ ಯಾರಿಗೂ ಹೇಳಬೇಕಾಗಿಲ್ಲ, ಹೆಸರಲ್ಲೇ ಊರಿದೆ. ರಾಗಿಗೆ ಅದಿಲ್ಲ.

ಬಸ್ಸಲ್ಲಿ ವಾಪಸ್ ಬರುವಾಗ ಲೆಕ್ಕ ಹಾಕಿದೆ, ನೀವೂ ಹಾಕಿ ನೋಡಿ. 1000 ಲೀಟರ್ ಬಿಯರಿಗೆ ಸುಮಾರು 200 ಕೆಜಿ ಧಾನ್ಯ ಬೇಕು. ಅದರಲ್ಲಿ ಐದನೇ ಒಂದು ಪಾಲು ರಾಗಿ ಅಂದ್ರೂ 40 ಕೆಜಿ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ ಇತ್ತು, ಅಂದ್ರೆ 40 ಕೆಜಿಗೆ 1,954. ಸಾವಿರ ಲೀಟರಿಗೆ ಹಂಚಿದ್ರೆ ಲೀಟರಿಗೆ ಎರಡು ರೂಪಾಯಿನೂ ಪೂರ್ತಿ ಆಗಲಿಲ್ಲ. ಅರ್ಧ ಲೀಟರ್ ಗ್ಲಾಸಿಗೆ ನಾನು ಕೊಟ್ಟಿದ್ದು 400 ರೂಪಾಯಿ, ಮೇಲೆ ಟ್ಯಾಕ್ಸ್ ಬೇರೆ. ಅದರೊಳಗೆ ರಾಗಿ ಬೆಳೆದವನಿಗೆ ಸೇರಿದ್ದು ಒಂದು ರೂಪಾಯಿಗೆ ಎರಡು ಪೈಸೆ ಕಮ್ಮಿ. ಗೋಡೆ ಮೇಲೆ ಮಾತ್ರ ಅವನ ಬೆಳೆ ಹೆಸರು.

ಇಷ್ಟು ಹೇಳಿ ನಿಲ್ಲಿಸಿದ್ರೆ ಇದೂ ಒಂದು ಗೋಳು ಅಷ್ಟೆ, ಗೋಳು ಈ ಪೇಜಲ್ಲಿ ಬೇಕಾದಷ್ಟಿದೆ. ಲೆಕ್ಕನ ಇನ್ನೊಂದು ಕಡೆಯಿಂದ ನೋಡಿ. ಒಂದು ಜಾಗದೋರು ವಾರಕ್ಕೊಂದು ಸಲ ಈ ರಾಗಿ ಬಿಯರ್ ಹಾಕಿದ್ರೆ ವರ್ಷಕ್ಕೆ 20 ಕ್ವಿಂಟಾಲ್ ಮೇಲೆ ರಾಗಿ ಬೇಕು. ಮಳೆ ಕೈಹಿಡಿದ ವರ್ಷ ನನ್ನ ಎರಡು ಎಕರೆ ಖುಷ್ಕಿಲಿ ಬರೋದು ಅಷ್ಟೇ. ಅಂದ್ರೆ ಒಂದು ಬ್ರೂವರಿಗೆ ಒಂದು ಸಣ್ಣ ಸಂಸಾರದ ಬೆಳೆ. ಇದರಿಂದ ರಾಗಿ ರೇಟು ಏರಲ್ಲ, ತಾಲ್ಲೂಕು ಉದ್ಧಾರ ಆಗಲ್ಲ. ಆದ್ರೆ ಒಂದು ಮನೆಯೋನು ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸ್ಕೊಂಡು ಎರಡು ರಾತ್ರಿ ಮಲಗೋದು ತಪ್ಪುತ್ತೆ. ಅದೇ ಟೆಂಪೋ ಚರಟ ತರೋಕೆ ಖಾಲಿ ಹೋಗ್ತಾ ಇದೆ. ಹೋಗ್ತಾ ರಾಗಿ, ಬರ್ತಾ ಚರಟ. ಬಾಡಿಗೆ ಕೂಡ ಉಳಿಯುತ್ತೆ.

ಅದಕ್ಕೇ ನನ್ನ ಪ್ರಕಾರ ಒಳ್ಳೆ ಜಾಗ ಅಂದ್ರೆ ರಾಗಿ ಬಿಯರ್ ಅಂತ ಬೋರ್ಡ್ ಹಾಕಿರೋದಲ್ಲ. ಯಾರ ಹೊಲದ್ದು ಅಂತ ಕೇಳಿದಾಗ ಹೇಳೋಕೆ ಬರೋದು, ಇಲ್ಲ ಅಂದ್ರೆ ಗೊತ್ತಿಲ್ಲ ಅಂತ ನೇರವಾಗಿ ಒಪ್ಪಿಕೊಂಡು ವಿಚಾರಿಸೋದು. ಕೇಳಬೇಕಾದೋರು ನಾವೇ. ಕಂಪ್ಯೂಟರ್ ಹುಡುಗ್ರು ಕೇಳಲ್ಲ, ಅವರಿಗೆ ರಾಗಿ ಪ್ಯಾಕೆಟ್ಟಲ್ಲಿ ಬೆಳೆಯುತ್ತೆ. 400 ರೂಪಾಯಿ ಕೊಟ್ಟು ಕೂತಮೇಲೆ ನಾವೂ ಗಿರಾಕಿನೇ. ಪಂಚೆ ಉಟ್ಟಿದ್ರೂ ಗಿರಾಕಿನೇ. ಬಾಗಿಲಲ್ಲಿ ಚಪ್ಪಲಿ ನೋಡೋ ಜಾಗದಿಂದ ಹಿಂದಕ್ಕೆ ಬನ್ನಿ, ನಷ್ಟ ಅವರಿಗೆ.

ಇದನ್ನ ಬರೀತೀನಿ ಅಂದಾಗ ಹಾಲಿನ ಡೇರಿ ಹತ್ರ ಒಬ್ರು ಹಿರಿಯರು, "ನಿಮ್ಮಣ್ಣನ ಕತೆ ಗೊತ್ತಿದ್ದೂ ಕುಡಿತದ ಬಗ್ಗೆ ಬರೀತೀಯಲ್ಲೋ" ಅಂದ್ರು. ಅವರ ಮಾತು ತಳ್ಳಿಹಾಕೋ ಹಾಗಿಲ್ಲ. ಆದ್ರೆ ನಮ್ಮಣ್ಣ ಯಾವತ್ತೂ ಅದು ಏನರಿಂದ ಮಾಡಿದ್ದು ಅಂತ ಕೇಳಿದವನಲ್ಲ. ಹಲ್ಲಲ್ಲಿ ಪ್ಯಾಕೆಟ್ ಕಚ್ಚಿ ನಿಂತಲ್ಲೇ ಸುರ್ಕೊಂಡು ಬರ್ತಿದ್ದ, ರುಚಿ ಅನ್ನೋದೇ ಇರಲಿಲ್ಲ ಅದರಲ್ಲಿ. ಒಂದು ಗ್ಲಾಸ್ ಮುಂದೆ ಇಟ್ಕೊಂಡು ಮುಕ್ಕಾಲು ಗಂಟೆ ಕೂತು, ವಾಸ್ನೆ ನೋಡಿ, ಮಾಡಿದವರ ಹತ್ರ ಮಾತಾಡಿ ಎದ್ದು ಬರೋದು ಬೇರೆ ಅಂತ ನನಗೆ ಅನ್ನಿಸುತ್ತೆ. ಅದೂ ಮದ್ಯನೇ, ಅದರಲ್ಲೂ ನೂರಕ್ಕೆ ಐದರ ಹತ್ರ ಆಲ್ಕೋಹಾಲ್ ಇದೆ, ಎರಡು ಮೂರಾಗಿ, ಮೂರು ಆರಾಗೋದು ಯಾರಿಗೂ ಕಷ್ಟ ಅಲ್ಲ. ನನಗೆ ಎರಡರಲ್ಲಿ ನಿಲ್ಲುತ್ತೆ. ನಿಲ್ಲದ ದಿನ ಬಂದ್ರೆ ಈ ಪೋಸ್ಟ್ ತೆಗೆದುಹಾಕ್ತೀನಿ, ಮನೆಯವಳಿಗೆ ಹಾಗೇ ಮಾತು ಕೊಟ್ಟಿದ್ದೀನಿ.

ಹೋದ ತಿಂಗಳು ಆಯಮ್ಮನಿಗೆ ಐದು ಕೆಜಿ ರಾಗಿ ತಗೊಂಡು ಹೋಗಿ ಕೊಟ್ಟೆ, ಕಲ್ಲು ಮಣ್ಣಿಲ್ಲದ ಹಾಗೆ ಕೇರಿ, ಜರಡಿ ಹಿಡಿದಿದ್ದು. ಚೀಲದ ಮೇಲೆ ನಮ್ಮೂರ ಹೆಸರು, ತಳಿ, ಕೊಯ್ದ ತಿಂಗಳು ಬರೆದಿದ್ದೆ. ಮೊಳಕೆ ಬರಿಸಿ ನೋಡ್ತೀನಿ, ಪ್ರಾಮಿಸ್ ಏನೂ ಮಾಡಲ್ಲ ಸರ್ ಅಂದ್ರು. ಇನ್ನೂ ಫೋನ್ ಬಂದಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಚೊಕ್ಕ ರಾಗಿ ಇದ್ದು, ಒಂದೇ ತಳಿ ಬೇರೆ ಇಟ್ಟಿದ್ರೆ ಕಾಮೆಂಟಲ್ಲಿ ಹೇಳಿ, ಕೇಳಿದ್ರೆ ಎಲ್ಲರ ಹೆಸರೂ ಕೊಡ್ತೀನಿ. ಟೆಂಪೋ ಹುಡುಗನ ನಂಬರ್ ಬೇಕಾದೋರು ಮನೆ ಹತ್ರ ಬನ್ನಿ, ಇಲ್ಲಿ ಹಾಕಲ್ಲ.

ಇವತ್ತು ಬೆಳಿಗ್ಗೆ ಬಂದ ಚರಟ ಕಪ್ಪಗಿತ್ತು, ಹುರಿದ ಕಾಫಿಬೀಜದ ವಾಸ್ನೆ. ಸ್ಟೌಟ್ ಅನ್ನೋ ಕಪ್ಪು ಬಿಯರ್ ಹಾಕಿದ್ದಾರೆ ಅಂತ ಗೊತ್ತಾಯ್ತು. ತುಂಗೆ ಎಂದಿನ ಹಾಗೆ ತಿಂತು. ಗೌರಿ ಮೂಸಿ ನೋಡಿ ಮುಖ ತಿರುಗಿಸ್ತು, ಹುಲ್ಲು ಮುಗಿದ ಮೇಲೆ ಬಂದು ತಿಂತು.